ಬಕೆಟ್ ಅವರದು, ರೋಲ್ ನಮ್ಮದು: ಎಸ್3 ‘ಆಕ್ಸೆಸ್ ಡಿನೈಡ್’ ಎಲ್ಲಿಂದ ಬರುತ್ತಿದೆ ಎಂದು ಹುಡುಕುವುದು

ಒಂದು ಎಡಬ್ಲ್ಯೂಎಸ್ (ಅಮೆಜಾನ್‌ನ ಕ್ಲೌಡ್ ಸೇವೆ) ಅಕೌಂಟ್‌ನಲ್ಲಿ ಎಸ್3 ಬಕೆಟ್, ಅಂದರೆ ಫೈಲ್ ಇಡುವ ಜಾಗ, ಇದೆ. ಅದನ್ನು ಓದಬೇಕಾದ ಪ್ರೋಗ್ರಾಂ ಇನ್ನೊಂದು ಅಕೌಂಟ್‌ನಲ್ಲಿದೆ. ಯಾರಿಗೆ ಏನು ಅನುಮತಿ ಎಂದು ಹೇಳುವ ಬಕೆಟ್ ಪಾಲಿಸಿ ಬರೆದಾಯಿತು, ಪ್ರೋಗ್ರಾಂ ಧರಿಸುವ ಗುರುತಾದ ರೋಲ್ ಮಾಡಿದ್ದಾಯಿತು. ಓಡಿಸಿದರೆ 403, ಆಕ್ಸೆಸ್ ಡಿನೈಡ್, ಅಂದರೆ ಅನುಮತಿ ಇಲ್ಲ. ಅಲ್ಲಿಂದ ಊಹೆ ಶುರುವಾಗುತ್ತದೆ. ‘ಆಕ್ಷನ್‌ನಲ್ಲಿ ಎಸ್3 ಸ್ಟಾರ್ ಹಾಕಿ ನೋಡೋಣ’ (ಎಸ್3ಯ ಎಲ್ಲ ಕೆಲಸಕ್ಕೂ ಅನುಮತಿ) ಅಂತ ಒಬ್ಬರು, ‘ಬ್ಲಾಕ್ ಪಬ್ಲಿಕ್ ಆಕ್ಸೆಸ್ ಆಫ್ ಮಾಡಿ’ (ಬಕೆಟ್ ಎಲ್ಲರಿಗೂ ತೆರೆಯದಂತೆ ಇರುವ ತಡೆ) ಅಂತ ಇನ್ನೊಬ್ಬರು. ಎರಡನ್ನೂ ಮಾಡಬೇಡಿ. ಏನು ತಪ್ಪಿತ್ತು ಅಂತ ಗೊತ್ತಾಗುವುದಿಲ್ಲ, ಜೊತೆಗೆ ಬಕೆಟ್ ಬೇಕಾದ್ದಕ್ಕಿಂತ ಜಾಸ್ತಿ ತೆರೆದುಕೊಳ್ಳಬಹುದು.

ಈ ದೋಷದ ಕಷ್ಟ ಏನಂದರೆ, ಏಳೆಂಟು ಬೇರೆ ಬೇರೆ ಕಾರಣಕ್ಕೆ ಬರುವುದು ಒಂದೇ ಸಾಲಿನ ಉತ್ತರ. ಅದೇ ಅಕೌಂಟ್ ಒಳಗೆ ಅಥವಾ ಅದೇ ಆರ್ಗನೈಸೇಷನ್ (ಒಟ್ಟಿಗೆ ನಿರ್ವಹಿಸುವ ಅಕೌಂಟ್‌ಗಳ ಗುಂಪು) ಒಳಗೆ ಕೇಳಿದರೆ ಯಾವ ಥರದ ಪಾಲಿಸಿ ತಡೆಯಿತು ಎಂದು ಎಸ್3 ಈಗ ಸ್ವಲ್ಪ ಬಿಡಿಸಿ ಹೇಳುತ್ತದೆ. ಸಂಬಂಧವಿಲ್ಲದ ಎರಡು ಕಂಪನಿಗಳ ನಡುವೆ ಆ ಸುಳಿವೂ ಇಲ್ಲ. ಹಾಗಾಗಿ ಪಾಲಿಸಿ ಮುಟ್ಟುವ ಮೊದಲು ಮೂರು ವಿಷಯ ಖಚಿತ ಮಾಡಿಕೊಳ್ಳಿ. ಕೇಳುತ್ತಿರುವುದು ಯಾರು, ನಿಲ್ಲುತ್ತಿರುವುದು ಯಾವ ಕರೆ, ಇಲ್ಲ ಅಂದಿದ್ದು ಯಾವ ಅಕೌಂಟ್.

ಉದಾಹರಣೆಗೆ ಎರಡು ಅಕೌಂಟ್ ಇಟ್ಟುಕೊಳ್ಳೋಣ. ಬಕೆಟ್ ಇರುವುದು 111122223333ರಲ್ಲಿ, ಇದನ್ನು ಡೇಟಾ ಅಕೌಂಟ್ ಅನ್ನೋಣ. ಓದುವ ಪ್ರೋಗ್ರಾಂ ಇರುವುದು 444455556666ರಲ್ಲಿ, ಇದು ರಿಪೋರ್ಟ್ ಅಕೌಂಟ್. ಅಲ್ಲಿನ ರೋಲ್ ಹೆಸರು ‘ರಿಪೋರ್ಟ್-ರೀಡರ್’, ಬಕೆಟ್ ಹೆಸರು ‘ಬಿಲ್-ಕಡತ’.

ಎರಡು ಕಡೆಯ ಒಪ್ಪಿಗೆ

ಬಕೆಟ್ ಮತ್ತು ರೋಲ್ ಒಂದೇ ಅಕೌಂಟ್‌ನಲ್ಲಿದ್ದರೆ ಬಕೆಟ್ ಪಾಲಿಸಿ ಅಥವಾ ರೋಲಿನ ಐಎಎಂ ಪಾಲಿಸಿ (ರೋಲಿಗೇ ಅಂಟಿಸಿದ ಅನುಮತಿ), ಎರಡರಲ್ಲಿ ಒಂದು ಸರಿ ಅಂದರೆ ಸಾಕು. ಅಕೌಂಟ್ ಬೇರೆಯಾದ ಕೂಡಲೇ ಎರಡೂ ಸರಿ ಅನ್ನಬೇಕು. ಬ್ಯಾಂಕ್ ಲಾಕರ್ ತೆಗೆಯಲು ನಮ್ಮ ಕೀಲಿಯ ಜೊತೆ ಬ್ಯಾಂಕಿನವರ ಕೀಲಿಯೂ ಬೇಕಲ್ವಾ, ಹಾಗೆ. ‘ಟೆಸ್ಟ್ ಅಕೌಂಟ್‌ನಲ್ಲಿ ಇದೇ ಪಾಲಿಸಿ ಕೆಲಸ ಮಾಡಿತ್ತು’ ಎಂಬ ಮಾತು ಕೇಳಿಬಂದರೆ ಮೊದಲು ಇದನ್ನೇ ನೋಡಿ. ಅಲ್ಲಿ ಒಂದೇ ಒಪ್ಪಿಗೆಯಲ್ಲಿ ಕೆಲಸ ನಡೆದಿರುತ್ತದೆ.

ಬಕೆಟ್ ಪಾಲಿಸಿಯ ಪ್ರಿನ್ಸಿಪಲ್ (ಯಾರಿಗೆ ಎಂಬ) ಜಾಗದಲ್ಲಿ 444455556666ರ ‘ರೂಟ್’ ಎಂದು ಬರೆಯುವುದು ರೂಢಿ. ಅದನ್ನು ನೋಡಿ ಆ ಅಕೌಂಟ್‌ನ ಎಲ್ಲರಿಗೂ ಅನುಮತಿ ಸಿಕ್ಕಿತು ಅಂದುಕೊಳ್ಳುತ್ತಾರೆ. ಹಾಗಲ್ಲ. ‘ನಮ್ಮ ಕಡೆಯಿಂದ ತಕರಾರಿಲ್ಲ, ನಿಮ್ಮಲ್ಲಿ ಯಾರಿಗೆ ಕೊಡುತ್ತೀರೋ ಕೊಡಿ’ ಎಂದು ಡೇಟಾ ಅಕೌಂಟ್ ಹೇಳಿದಂತಾಯಿತು, ಅಷ್ಟೇ. ರಿಪೋರ್ಟ್ ಅಕೌಂಟ್‌ನವರು ತಮ್ಮ ರೋಲಿಗೆ ಐಎಎಂ ಪಾಲಿಸಿ ಹಾಕದಿದ್ದರೆ 403 ಹಾಗೇ ಇರುತ್ತದೆ.

ಇದರ ಮೇಲೆ ಇನ್ನೊಂದು ನಿಯಮ: ಯಾವುದೇ ಕಡೆ ಒಂದು ‘ಡಿನೈ’ ಇದ್ದರೆ ಎಷ್ಟು ‘ಅಲೌ’ ಇದ್ದರೂ ಲೆಕ್ಕಕ್ಕಿಲ್ಲ.

ಕೇಳುತ್ತಿರುವುದು ನಿಜವಾಗಿ ಯಾರು?

ಅರ್ಧಕ್ಕರ್ಧ ಕೇಸು ಇಲ್ಲೇ ಮುಗಿಯುತ್ತವೆ ಅನ್ನುವುದು ನನ್ನ ಅನುಭವ. ಪಾಲಿಸಿಯಲ್ಲಿ ‘ರಿಪೋರ್ಟ್-ರೀಡರ್’ಗೆ ಅನುಮತಿ ಇದೆ, ಆದರೆ ಕೇಳುತ್ತಿರುವುದು ಬೇರೆ ಯಾರೋ. ಪ್ರೋಗ್ರಾಂ ಓಡುವ ಜಾಗದಲ್ಲೇ, ಅಂದರೆ ಅದೇ ಸರ್ವರ್, ಅದೇ ಪಾಡ್, ಅದೇ ಲ್ಯಾಂಬ್ಡಾದಲ್ಲಿ, ತಾತ್ಕಾಲಿಕ ಗುರುತು ಕೊಡುವ ಸೇವೆಯಾದ ಎಸ್‌ಟಿಎಸ್‌ನ ‘ಗೆಟ್-ಕಾಲರ್-ಐಡೆಂಟಿಟಿ’ ಓಡಿಸಿ. ಇದಕ್ಕೆ ಯಾವ ಅನುಮತಿಯೂ ಬೇಡ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಓಡಿಸಿ ನೋಡಿದರೆ ನಿಮ್ಮ ಹೆಸರು ಬರುತ್ತದೆ, ಪ್ರೋಗ್ರಾಂ ಹೆಸರಲ್ಲ.

ಉತ್ತರದಲ್ಲಿ ಮೊದಲು 12 ಅಂಕಿಯ ಅಕೌಂಟ್ ನಂಬರ್ ನೋಡಿ. ಆಮೇಲೆ ಎಆರ್‌ಎನ್, ಅಂದರೆ ಎಡಬ್ಲ್ಯೂಎಸ್‌ನಲ್ಲಿ ರೋಲ್, ಬಕೆಟ್, ಕೀಗಳಿಗೆಲ್ಲ ಇರುವ ಪೂರ್ತಿ ಹೆಸರು, ನೋಡಿ. ಇಸಿ2 ಸರ್ವರ್‌ಗೆ ಸರಿಯಾದ ರೋಲ್ ಅಂಟಿಸಿರುತ್ತಾರೆ, ಆದರೆ ಯಾರೋ ಹಿಂದೆ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಹಾಕಿಟ್ಟ ಹಳೇ ಆಕ್ಸೆಸ್ ಕೀ ಇನ್ನೂ ಅಲ್ಲೇ ಇರುತ್ತದೆ. ಎಸ್‌ಡಿಕೆ (ಪ್ರೋಗ್ರಾಂ ಬಳಸುವ ಎಡಬ್ಲ್ಯೂಎಸ್ ಲೈಬ್ರರಿ) ಮೊದಲು ಎತ್ತಿಕೊಳ್ಳುವುದು ಅದನ್ನೇ, ರೋಲಿನ ಸರದಿ ಆಮೇಲೆ. ಕುಬರ್ನೆಟೀಸ್‌ನಲ್ಲಿ ಪಾಡ್‌ನ ಸರ್ವೀಸ್ ಅಕೌಂಟ್‌ಗೆ ರೋಲ್ ಸರಿಯಾಗಿ ಜೋಡಣೆಯಾಗದಿದ್ದರೆ ಪಾಡ್ ಓಡುವ ಸರ್ವರ್, ಅಂದರೆ ನೋಡ್‌ನ ರೋಲ್ ಬರಬಹುದು.

ಎಆರ್‌ಎನ್ ಬಗ್ಗೆ ಒಂದು ಎಚ್ಚರಿಕೆ. ಈ ಆಜ್ಞೆ ತೋರಿಸುವುದು ಎಸ್‌ಟಿಎಸ್ ಕಡೆಯ ಎಆರ್‌ಎನ್. ಅದರಲ್ಲಿ ‘ಅಸ್ಯೂಮ್ಡ್-ರೋಲ್’, ರೋಲ್ ಹೆಸರು, ಕೊನೆಗೆ ಸೆಷನ್ ಹೆಸರು ಇರುತ್ತದೆ. ಅದನ್ನೇ ಕಾಪಿ ಮಾಡಿ ಬಕೆಟ್ ಪಾಲಿಸಿಗೆ ಹಾಕಿದರೆ ಆ ಒಂದು ಸೆಷನ್ ಹೆಸರಿಗೆ ಮಾತ್ರ ಹೊಂದುತ್ತದೆ. ನಾಳೆ ಸೆಷನ್ ಹೆಸರು ಬದಲಾದರೆ ಮತ್ತೆ 403. ಪಾಲಿಸಿಗೆ ಹಾಕಬೇಕಾದದ್ದು ಐಎಎಂ ಕಡೆಯ ರೋಲ್ ಎಆರ್‌ಎನ್.

ಇನ್ನೊಂದು ಜಾಗದಲ್ಲಿ ಜನ ಗಂಟೆಗಟ್ಟಲೆ ಕಳೆಯುತ್ತಾರೆ. ನಿನ್ನೆವರೆಗೂ ನಡೆಯುತ್ತಿತ್ತು, ಇವತ್ತು ಇಲ್ಲ, ಯಾರೂ ಬಕೆಟ್ ಪಾಲಿಸಿ ಮುಟ್ಟಿಲ್ಲ. ಹಾಗಿದ್ದರೆ ಬಕೆಟ್ ಪಾಲಿಸಿ ತೆರೆದು ಪ್ರಿನ್ಸಿಪಲ್ ಸಾಲನ್ನು ಓದಿ. ಅಲ್ಲಿ ರೋಲ್ ಹೆಸರಿನ ಬದಲು ‘ಎಆರ್‌ಒಎ’ ಎಂದು ಶುರುವಾಗುವ ಅರ್ಥವಿಲ್ಲದ ಉದ್ದನೆಯ ಅಕ್ಷರ ಸಾಲು ಕಂಡರೆ, ರಿಪೋರ್ಟ್ ಅಕೌಂಟ್‌ನಲ್ಲಿ ಯಾರೋ ಆ ರೋಲನ್ನು ಅಳಿಸಿದ್ದಾರೆ ಎಂದೇ ಅರ್ಥ. ಕ್ಲೌಡ್ ವ್ಯವಸ್ಥೆಯನ್ನು ಕೋಡ್‌ನಿಂದ ಕಟ್ಟುವ ಟೆರಾಫಾರ್ಮ್ ಕೂಡ ಇದನ್ನು ಸದ್ದಿಲ್ಲದೆ ಮಾಡಬಹುದು, ಅಳಿಸಿ ಅದೇ ಹೆಸರಿನಲ್ಲಿ ಮತ್ತೆ ಹುಟ್ಟಿಸುತ್ತದೆ. ಪಾಲಿಸಿ ಸೇವ್ ಆಗುವಾಗ ಎಡಬ್ಲ್ಯೂಎಸ್ ಆ ಹೆಸರನ್ನು ರೋಲಿನ ಒಳಗಿನ ಗುರುತಿಗೆ ಕಟ್ಟಿಹಾಕಿರುತ್ತದೆ. ಹೊಸ ರೋಲಿನ ಹೆಸರು ಅದೇ, ಗುರುತು ಬೇರೆ. ಡೇಟಾ ಅಕೌಂಟ್‌ನವರು ಎಆರ್‌ಎನ್ ಹೊಸದಾಗಿ ಬರೆದು ಸೇವ್ ಮಾಡಿದರೆ ಸರಿಹೋಗುತ್ತದೆ. ಅಳಿಸಿದ್ದು ರೋಲ್ ಅಲ್ಲ, ಐಎಎಂ ಬಳಕೆದಾರರನ್ನು ಅಂತಾದರೆ ಅದೇ ಸಾಲು ‘ಎಐಡಿಎ’ ಎಂದು ಶುರುವಾಗುತ್ತದೆ.

ಯಾವ ಕರೆ ನಿಲ್ಲುತ್ತಿದೆ?

‘ಎಸ್3 ಸಿಂಕ್ ಆಗುತ್ತಿಲ್ಲ’ ಅಂದರೆ ಏನೂ ಹೇಳಿದಂತಾಗಲಿಲ್ಲ. ಸಿಂಕ್ ಒಳಗೆ ಪಟ್ಟಿ ಕೇಳುವುದು, ಓದುವುದು, ಬರೆಯುವುದು ಎಲ್ಲ ಇದೆ. ‘ಎಸ್3ಎಪಿಐ’ ಆಜ್ಞೆಗಳಲ್ಲಿ ಒಂದೊಂದನ್ನೇ ಬಿಡಿಯಾಗಿ ಓಡಿಸಿ: ಮೊದಲು ಪಟ್ಟಿ, ಆಮೇಲೆ ಇದ್ದೇ ಇದೆ ಎಂದು ಗೊತ್ತಿರುವ ಒಂದು ಚಿಕ್ಕ ಫೈಲ್ ಓದುವುದು, ಕೊನೆಗೆ ಬರೆಯುವುದು.

ಪಟ್ಟಿ ಬರುತ್ತದೆ ಓದಲಾಗುವುದಿಲ್ಲ, ಅಥವಾ ಓದಬಹುದು ಪಟ್ಟಿ ಬರುವುದಿಲ್ಲ ಅಂದರೆ ರಿಸೋರ್ಸ್ ಸಾಲು ನೋಡಿ. ‘ಲಿಸ್ಟ್‌ಬಕೆಟ್’ ಅನುಮತಿ ಬಕೆಟ್‌ನ ಎಆರ್‌ಎನ್ ಮೇಲೆ ಇರಬೇಕು. ‘ಗೆಟ್‌ಆಬ್ಜೆಕ್ಟ್’, ‘ಪುಟ್‌ಆಬ್ಜೆಕ್ಟ್’ ಇರಬೇಕಾದದ್ದು ಬಕೆಟ್ ಹೆಸರಿನ ನಂತರ ಓರೆಗೆರೆ ಮತ್ತು ಸ್ಟಾರ್ ಇರುವ ಎಆರ್‌ಎನ್ ಮೇಲೆ. ಒಂದೇ ಸಾಲಿನಲ್ಲಿ ಎರಡನ್ನೂ ತುರುಕಲು ಹೋದಾಗ ಒಂದು ಬಿಟ್ಟುಹೋಗುತ್ತದೆ. ಬಕೆಟ್ ಪಾಲಿಸಿ, ಐಎಎಂ ಪಾಲಿಸಿ ಎರಡರಲ್ಲೂ ಇದನ್ನು ನೋಡಬೇಕು.

ದೋಷದ ಸಾಲಿನಲ್ಲಿ ‘ಹೆಡ್‌ಆಬ್ಜೆಕ್ಟ್, ಫರ್ಬಿಡನ್’ ಅಂತ ಬಂದರೆ ಗಾಬರಿ ಬೇಡ. ಎಸ್3ಯಿಂದ ಒಂದು ಫೈಲ್ ಇಳಿಸಿಕೊಳ್ಳುವ ‘ಸಿಪಿ’ ಆಜ್ಞೆ ಮೊದಲು ಹೆಡ್ (ಫೈಲ್ ಬಿಟ್ಟು ಅದರ ವಿವರ ಮಾತ್ರ) ಕೇಳುತ್ತದೆ. ಅದಕ್ಕೆ ಬರುವ ಉತ್ತರದಲ್ಲಿ ವಿವರಣೆಯೇ ಇರುವುದಿಲ್ಲ, ಬರೀ 403. ‘ಹೆಡ್‌ಆಬ್ಜೆಕ್ಟ್’ ಹೆಸರಿನ ಅನುಮತಿಯನ್ನು ಪಾಲಿಸಿಯಲ್ಲಿ ಹುಡುಕಬೇಡಿ, ಅಂಥದ್ದೊಂದು ಇಲ್ಲ. ‘ಗೆಟ್‌ಆಬ್ಜೆಕ್ಟ್’ ಇದ್ದರೆ ಅದೇ ಸಾಕು. ಸರಿಯಾದ ವಿವರ ಬೇಕಿದ್ದರೆ ನೇರವಾಗಿ ‘ಗೆಟ್-ಆಬ್ಜೆಕ್ಟ್’ ಓಡಿಸಿ.

ಇದೇ ಜಾಗದಲ್ಲಿ ಇನ್ನೊಂದು ಮೋಸವಿದೆ. ಫೈಲೇ ಇಲ್ಲದಿದ್ದರೆ 404 ಬರಬೇಕಲ್ವಾ? ಕೇಳುವವರಿಗೆ ‘ಲಿಸ್ಟ್‌ಬಕೆಟ್’ ಅನುಮತಿ ಇಲ್ಲದಿದ್ದರೆ 404 ಬದಲು 403 ಬರುತ್ತದೆ. ಬಕೆಟ್‌ನಲ್ಲಿ ಏನಿದೆ ಏನಿಲ್ಲ ಎಂಬುದನ್ನು ಹೊರಗಿನವರಿಗೆ ಬಿಟ್ಟುಕೊಡಬಾರದು ಎಂಬುದೇ ಕಾರಣ. ಹಾಗಾಗಿ ಫೋಲ್ಡರ್ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೂ, ಹೆಸರಿನ ಶುರುವಿನಲ್ಲಿ ಒಂದು ಓರೆಗೆರೆ ಜಾಸ್ತಿಯಾದರೂ ಅನುಮತಿ ಸಮಸ್ಯೆಯಂತೆ ಕಾಣುತ್ತದೆ. ಡೇಟಾ ಅಕೌಂಟ್‌ನವರನ್ನು ಕೇಳಿ ಫೈಲಿನ ಪೂರ್ತಿ ಹೆಸರು ತರಿಸಿಕೊಳ್ಳಿ, ಕಣ್ಣಂದಾಜಿನಲ್ಲಿ ಟೈಪ್ ಮಾಡಬೇಡಿ.

ಉತ್ತರ 403 ಆಗಿದ್ದರೂ ಅದರ ಹೆಸರು ‘ಆಕ್ಸೆಸ್ ಡಿನೈಡ್’ ಹೌದೋ ಅಲ್ಲವೋ ಓದಿ. ‘ರಿಕ್ವೆಸ್ಟ್ ಟೈಮ್ ಟೂ ಸ್ಕ್ಯೂಡ್’ ಅಂದರೆ ಮೆಷಿನ್ ಗಡಿಯಾರ 15 ನಿಮಿಷಕ್ಕಿಂತ ಜಾಸ್ತಿ ಆಚೀಚೆ ಆಗಿದೆ. ‘ಸಿಗ್ನೇಚರ್ ಡಸ್ ನಾಟ್ ಮ್ಯಾಚ್’ ಅಂದರೆ ಸೀಕ್ರೆಟ್ ಕೀ ತಪ್ಪಿರಬಹುದು. ಹೈದರಾಬಾದ್ ರೀಜನ್‌ನ ಬಕೆಟ್ ಆಗಿದ್ದು ಟೋಕನ್ ಅಥವಾ ಕೀ ಸರಿಯಿಲ್ಲ ಎಂಬ ಉತ್ತರ ಬಂದರೆ ಆ ರೀಜನ್ ನಿಮ್ಮ ಅಕೌಂಟ್‌ನಲ್ಲಿ ಎನೇಬಲ್ ಆಗಿದೆಯಾ ನೋಡಿ. ಮುಂಬೈನಂತೆ ಅದು ತಾನಾಗಿ ಆನ್ ಇರುವುದಿಲ್ಲ. ಇವುಗಳಿಗೂ ಬಕೆಟ್ ಪಾಲಿಸಿಗೂ ಸಂಬಂಧವೇ ಇಲ್ಲ.

ಪಟ್ಟಿ ಬರುತ್ತದೆ, ಕೆಲವು ಫೈಲ್ ಓದಬಹುದು, ಕೆಲವು ಆಗಲ್ಲ

ಇದು ಹೆಚ್ಚಾಗಿ ಕೆಎಂಎಸ್ (ಎನ್‌ಕ್ರಿಪ್ಷನ್ ಕೀಗಳನ್ನು ನೋಡಿಕೊಳ್ಳುವ ಎಡಬ್ಲ್ಯೂಎಸ್ ಸೇವೆ) ಲಕ್ಷಣ. ಎಸ್3 ಒಳಗಿನ ಫೈಲ್ ಕೆಎಂಎಸ್ ಕೀಯಿಂದ ಎನ್‌ಕ್ರಿಪ್ಟ್ ಆಗಿದ್ದರೆ ಬಕೆಟ್ ಪಾಲಿಸಿಯ ಅನುಮತಿ ಸಾಕಾಗುವುದಿಲ್ಲ, ಕೀಯ ಅನುಮತಿಯೂ ಬೇಕು. ಅಲ್ಲೂ ಮತ್ತೆ ಎರಡು ಕಡೆಯ ಒಪ್ಪಿಗೆ: ಡೇಟಾ ಅಕೌಂಟ್‌ನ ಕೀ ಪಾಲಿಸಿ, ರಿಪೋರ್ಟ್ ಅಕೌಂಟ್‌ನ ಐಎಎಂ ಪಾಲಿಸಿ.

ಮೊದಲು ಡೇಟಾ ಅಕೌಂಟ್‌ನವರಿಂದ ಓದಲಾಗದ ಫೈಲಿನ ಮೇಲೆ ‘ಹೆಡ್-ಆಬ್ಜೆಕ್ಟ್’ ಓಡಿಸಿ. ಯಾವ ಎನ್‌ಕ್ರಿಪ್ಷನ್, ಯಾವ ಕೀ ಎಂಬುದು ಅದರಲ್ಲಿ ಬರುತ್ತದೆ. ‘ಎಇಎಸ್256’ ಎಂದಿದ್ದರೆ ಎಸ್3 ತಾನೇ ನೋಡಿಕೊಳ್ಳುವ ಎನ್‌ಕ್ರಿಪ್ಷನ್, ಅದರಿಂದ ತೊಂದರೆ ಇಲ್ಲ. 2023ರ ಜನವರಿಯಿಂದ ಹೊಸ ಫೈಲ್‌ಗಳಿಗೆಲ್ಲ ಬೇರೆ ಏನೂ ಹೇಳದಿದ್ದರೆ ಇದೇ ಆಗುತ್ತದೆ. ಕೆಎಂಎಸ್ ಕೀ ಎಆರ್‌ಎನ್ ಕಂಡರೆ ಅದು ಯಾವ ಕೀ ಎಂದು ಕೆಎಂಎಸ್ ಪುಟದಲ್ಲಿ ಹುಡುಕಿ.

‘ಎಡಬ್ಲ್ಯೂಎಸ್/ಎಸ್3’ ಹೆಸರಿನ ಕೀ ಆಗಿದ್ದರೆ ದಾರಿ ಅಲ್ಲಿಗೇ ಮುಚ್ಚಿತು. ಅದು ಎಡಬ್ಲ್ಯೂಎಸ್ ನಡೆಸುವ ಕೀ. ಅದರ ಪಾಲಿಸಿಯನ್ನು ಓದಬಹುದು, ತಿದ್ದಲಾಗದು. ಇನ್ನೊಂದು ಅಕೌಂಟ್‌ಗೆ ಅದನ್ನು ಹಂಚಿಕೊಳ್ಳಲು ಆಗುವುದೇ ಇಲ್ಲ. ಬಕೆಟ್ ಪಾಲಿಸಿಯನ್ನು ಹತ್ತು ಸಲ ತಿದ್ದಿದರೂ ಅಷ್ಟೇ. ಡೇಟಾ ಅಕೌಂಟ್‌ನಲ್ಲಿ ಸ್ವಂತ ಕೀ ಮಾಡಿ, ಬಕೆಟ್‌ನ ಡೀಫಾಲ್ಟ್ ಅದಕ್ಕೆ ಬದಲಿಸಬೇಕು. ಡೀಫಾಲ್ಟ್ ಬದಲಾದರೆ ಹಳೇ ಫೈಲ್‌ಗಳು ತಾವಾಗಿ ಬದಲಾಗುವುದಿಲ್ಲ, ಬರೆದಾಗ ಇದ್ದ ಕೀಯಲ್ಲೇ ಉಳಿದಿರುತ್ತವೆ. ‘ಹೊಸ ಫೈಲ್ ಸರಿಯಾಗಿದೆ, ಹಳೇದು ಇಲ್ಲ’ ಎಂಬ ದೂರು ಹುಟ್ಟುವುದು ಹೀಗೆ. ಹಳೆಯವನ್ನು ಅದೇ ಜಾಗಕ್ಕೆ ಹೊಸ ಕೀಯೊಂದಿಗೆ ಕಾಪಿ ಮಾಡಬೇಕು. ಲಕ್ಷಗಟ್ಟಲೆ ಇದ್ದರೆ ಬ್ಯಾಚ್ ಆಪರೇಷನ್ಸ್ ಬಳಸಿ.

ಸ್ವಂತ ಕೀ ಇದ್ದರೆ ಅದರ ಪಾಲಿಸಿ ತೆರೆಯಿರಿ. ಮೊದಲೇ ಇರುವ ಸಾಲು 111122223333ಕ್ಕೆ ಮಾತ್ರ ಅನ್ವಯ. ರಿಪೋರ್ಟ್ ಅಕೌಂಟ್‌ನ ರೋಲಿಗೆ ‘ಕೆಎಂಎಸ್:ಡಿಕ್ರಿಪ್ಟ್’ ಕೊಡುವ ಬೇರೆ ಸಾಲು ಬೇಕು. ಕನ್ಸೋಲ್‌ನಲ್ಲಿ ‘ಅದರ್ ಎಡಬ್ಲ್ಯೂಎಸ್ ಅಕೌಂಟ್ಸ್’ ಎಂಬಲ್ಲಿ ನಂಬರ್ ಹಾಕಿದರೂ ಆಗುತ್ತದೆ, ಆದರೆ ಅದು ಇಡೀ ಅಕೌಂಟ್ ಹೆಸರಿಗೆ ಬೇಕಾದ್ದಕ್ಕಿಂತ ಜಾಸ್ತಿ ಅನುಮತಿ ಬರೆದುಬಿಡುತ್ತದೆ. ಓದುವುದಕ್ಕೆ ಡಿಕ್ರಿಪ್ಟ್ ಒಂದೇ ಸಾಕು. ಸಾಧ್ಯವಾದರೆ ‘ವಯಾ-ಸರ್ವೀಸ್’ ಷರತ್ತು ಸೇರಿಸಿ ಎಸ್3 ಮೂಲಕ ಬಂದ ಕೋರಿಕೆಗೆ ಮಾತ್ರ ಸೀಮಿತ ಮಾಡಿ.

ರಿಪೋರ್ಟ್ ಅಕೌಂಟ್‌ನ ಐಎಎಂ ಪಾಲಿಸಿಯಲ್ಲಿ ಕೀಯ ಪೂರ್ತಿ ಎಆರ್‌ಎನ್ ಬರೆಯಿರಿ, ಏಲಿಯಸ್ (ಕೀಗೆ ಇಟ್ಟ ಅಡ್ಡಹೆಸರು) ಬೇಡ. ಬರೆಯುವ ಕೋರಿಕೆಯಲ್ಲಿ ಬರೀ ಏಲಿಯಸ್ ಕೊಟ್ಟರೆ ಕೆಎಂಎಸ್ ಅದನ್ನು ಕೇಳಿದವರ ಅಕೌಂಟ್‌ನಲ್ಲಿ ಹುಡುಕುತ್ತದೆ. ಬಕೆಟ್‌ನ ಡೀಫಾಲ್ಟ್ ಎನ್‌ಕ್ರಿಪ್ಷನ್‌ನಲ್ಲಿ ಏಲಿಯಸ್ ಹಾಕಿದ್ದರೂ ಅದೇ ಕಥೆ. ಅಲ್ಲಿ ಆ ಹೆಸರಿನ ಬೇರೆ ಕೀ ಇದ್ದರಂತೂ ಮುಗಿಯಿತು. ಫೈಲ್ ಬರೆದಾಗುತ್ತದೆ, ಆದರೆ ಬಕೆಟ್ ಮಾಲೀಕರಿಗೇ ಓದಲಾಗುವುದಿಲ್ಲ.

ಬರೆಯುವ ರೋಲಿಗೆ ‘ಜನರೇಟ್‌ಡೇಟಾಕೀ’ ಬೇಕು. ಚಿಕ್ಕ ಫೈಲ್ ಹೋಗುತ್ತದೆ, ದೊಡ್ಡದು ಹೋಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನೆಟ್‌ವರ್ಕ್ ಮೇಲೆ ಗೂಬೆ ಕೂರಿಸುವ ಮೊದಲು ಡಿಕ್ರಿಪ್ಟ್ ಅನುಮತಿ ಇದೆಯಾ ನೋಡಿ. ಎಡಬ್ಲ್ಯೂಎಸ್ ಸಿಎಲ್‌ಐ (ಆಜ್ಞೆ ಟೈಪ್ ಮಾಡಿ ಓಡಿಸುವ ಉಪಕರಣ) ಸಾಮಾನ್ಯವಾಗಿ 8 ಎಂಬಿ ದಾಟಿದ ಫೈಲನ್ನು ತುಂಡು ಮಾಡಿ ಕಳಿಸುತ್ತದೆ. ಆ ಮಲ್ಟಿಪಾರ್ಟ್ ಅಪ್‌ಲೋಡ್‌ಗೆ ಡಿಕ್ರಿಪ್ಟ್ ಕೂಡ ಬೇಕಾಗುತ್ತದೆ.

ಬರೆದವರು ಅವರು, ಮಾಲೀಕರು ಯಾರು?

ಹಳೇ ಬಕೆಟ್‌ಗಳಲ್ಲಿ ಇದು ಇನ್ನೂ ಕಾಡುತ್ತದೆ. ಎಸ್3 ಶುರುವಾದದ್ದು 2006ರಲ್ಲಿ. ಅಂದಿನ ನಿಯಮದಂತೆ ಬಕೆಟ್ ಯಾರದ್ದೇ ಇರಲಿ, ಫೈಲ್ ಬರೆದ ಅಕೌಂಟೇ ಫೈಲಿನ ಒಡೆಯ. ಬೇರೆ ಅಕೌಂಟ್ ಒಡೆತನದ ಫೈಲಿಗೆ ನಿಮ್ಮ ಬಕೆಟ್ ಪಾಲಿಸಿಯ ಅಲೌ ಅನ್ವಯಿಸುವುದಿಲ್ಲ. ಮೂರನೇ ಅಕೌಂಟ್ ಬರೆದ ಫೈಲನ್ನು ರಿಪೋರ್ಟ್ ಅಕೌಂಟ್ ಓದಲು ಹೋದರೆ, ಎಲ್ಲ ಪಾಲಿಸಿ ಸರಿಯಿದ್ದರೂ 403.

2021ರ ಕೊನೆಯಲ್ಲಿ ‘ಬಕೆಟ್ ಓನರ್ ಎನ್‌ಫೋರ್ಸ್ಡ್’ ಎಂಬ ಆಯ್ಕೆ ಬಂತು, ಬರೆದವರು ಯಾರೇ ಆದರೂ ಫೈಲಿಗೆ ಬಕೆಟ್ ಮಾಲೀಕರೇ ಒಡೆಯರು. 2023ರ ಏಪ್ರಿಲ್‌ನಿಂದ ಹೊಸ ಬಕೆಟ್‌ಗಳಿಗೆ ಅದೇ ಡೀಫಾಲ್ಟ್. ಬಕೆಟ್‌ನ ಪರ್ಮಿಷನ್ಸ್ ಪುಟದಲ್ಲಿ ‘ಆಬ್ಜೆಕ್ಟ್ ಓನರ್‌ಶಿಪ್’ ನೋಡಿ. ಹಳೇ ರೀತಿಯಲ್ಲಿದ್ದರೆ ಬದಲಿಸಿ. ಹಳೇ ಫೈಲ್‌ಗಳೂ ಬಕೆಟ್ ಮಾಲೀಕರ ಹೆಸರಿಗೆ ಬರುತ್ತವೆ. ಬದಲಿಸುವ ಮೊದಲು ಎಸಿಎಲ್ (ಫೈಲಿಗೆ ಅಥವಾ ಬಕೆಟ್‌ಗೆ ಅಂಟಿಸುವ ಹಳೇ ಥರದ ಅನುಮತಿ ಪಟ್ಟಿ) ನಂಬಿಕೊಂಡು ಯಾರಾದರೂ ಓದುತ್ತಿದ್ದಾರಾ ಎಂದು ನೋಡಿಕೊಳ್ಳಿ, ಅವರಿಗೆ ಬಕೆಟ್ ಪಾಲಿಸಿಯಲ್ಲಿ ಜಾಗ ಮಾಡಿಕೊಡಬೇಕಾಗುತ್ತದೆ. ಬದಲಾದ ಮೇಲೆ ಬರೆಯುವ ಕಡೆಯಿಂದ ‘ಆಕ್ಸೆಸ್ ಕಂಟ್ರೋಲ್ ಲಿಸ್ಟ್ ನಾಟ್ ಸಪೋರ್ಟೆಡ್’ ಎಂದು 400 ಬಂದರೆ, ಅವರ ಪ್ರೋಗ್ರಾಂ ಇನ್ನೂ ಹಳೇ ಎಸಿಎಲ್ ಕಳಿಸುತ್ತಿದೆ. ‘ಬಕೆಟ್-ಓನರ್-ಫುಲ್-ಕಂಟ್ರೋಲ್’ ಒಂದಕ್ಕೆ ಮಾತ್ರ ವಿನಾಯಿತಿ.

ಎಲ್ಲ ಸರಿಯಿದೆ, ಆದರೂ ಇಲ್ಲ

ಈಗ ಎಲ್ಲೋ ಒಂದು ಡಿನೈ ಕೂತಿದೆ. ಬಕೆಟ್ ಪಾಲಿಸಿಯಲ್ಲೇ ಇರಬಹುದು: ನಿಗದಿತ ವಿಪಿಸಿ ಎಂಡ್‌ಪಾಯಿಂಟ್ (ಖಾಸಗಿ ನೆಟ್‌ವರ್ಕ್‌ನಿಂದ ಎಸ್3ಗೆ ಹೋಗುವ ದಾರಿ) ಬಿಟ್ಟು ಬೇರೆ ದಾರಿಯಿಂದ ಬಂದವರಿಗೆ ಬೇಡ, ಆಫೀಸ್ ಐಪಿ ಬಿಟ್ಟು ಬೇಡ ಎಂಬ ಥರದ್ದು. ಪ್ರೋಗ್ರಾಂ ಓದುತ್ತದೆ ಆದರೆ ಕನ್ಸೋಲ್‌ನಲ್ಲಿ ತೆರೆಯುವುದಿಲ್ಲ ಅಂದರೆ ಮೊದಲನೆಯದು. ಎರಡನೆಯದರಲ್ಲಿ ಒಂದು ಸೂಕ್ಷ್ಮವಿದೆ. ಕೋರಿಕೆ ವಿಪಿಸಿ ಎಂಡ್‌ಪಾಯಿಂಟ್ ಮೂಲಕ ಹೋದರೆ ಪಬ್ಲಿಕ್ ಐಪಿಯ ‘ಸೋರ್ಸ್‌ಐಪಿ’ ಷರತ್ತು ಹೊಂದುವುದಿಲ್ಲ. ಯಾರೋ ಎಂಡ್‌ಪಾಯಿಂಟ್ ಸೇರಿಸಿದ ದಿನದಿಂದ 403 ಶುರುವಾಗಿದ್ದರೆ ಅನುಮಾನ ಇಲ್ಲಿಗೇ ಹೋಗಬೇಕು. ಎಂಡ್‌ಪಾಯಿಂಟ್‌ಗೂ ತನ್ನದೇ ಪಾಲಿಸಿ ಇರುತ್ತದೆ. ‘ನಮ್ಮ ಬಕೆಟ್‌ಗಳಿಗೆ ಮಾತ್ರ’ ಎಂದು ಅಲ್ಲಿ ಬರೆದಿದ್ದರೆ ಬೇರೆಯವರ ‘ಬಿಲ್-ಕಡತ’ ಆ ಪಟ್ಟಿಯಲ್ಲಿ ಇರುವುದಿಲ್ಲ.

ಅದಕ್ಕೂ ಮೇಲೆ ಆರ್ಗನೈಸೇಷನ್ ಮಟ್ಟದ ಕಟ್ಟುಪಾಡು. ಎಸ್‌ಸಿಪಿ (ಸರ್ವೀಸ್ ಕಂಟ್ರೋಲ್ ಪಾಲಿಸಿ) ಕೇಳುವವರನ್ನು ತಡೆಯುತ್ತದೆ, ಅಂದರೆ ರಿಪೋರ್ಟ್ ಅಕೌಂಟ್ ಕಡೆ ನೋಡಿ. 2024ರಲ್ಲಿ ಬಂದ ಆರ್‌ಸಿಪಿ (ರಿಸೋರ್ಸ್ ಕಂಟ್ರೋಲ್ ಪಾಲಿಸಿ) ಬಕೆಟ್ ಕಡೆಯಿಂದ ತಡೆಯುತ್ತದೆ, ಅಂದರೆ ಡೇಟಾ ಅಕೌಂಟ್ ಕಡೆ ನೋಡಿ. ಇವು ಸಾಮಾನ್ಯ ಡೆವಲಪರ್ ಕಣ್ಣಿಗೆ ಬೀಳುವುದಿಲ್ಲ. ಪ್ಲಾಟ್‌ಫಾರ್ಮ್ ತಂಡದವರನ್ನೇ ಕೇಳಬೇಕು. ರೋಲಿನ ಮೇಲೆ ಪರ್ಮಿಷನ್ಸ್ ಬೌಂಡರಿ (ಅನುಮತಿಗೆ ಹಾಕಿದ ಮೇಲ್ಮಿತಿ) ಇದೆಯಾ ಎಂಬುದನ್ನೂ ಅವರ ಹತ್ತಿರವೇ ಕೇಳಿಬಿಡಿ.

ಬ್ಲಾಕ್ ಪಬ್ಲಿಕ್ ಆಕ್ಸೆಸ್ ವಿಷಯಕ್ಕೆ ಬರೋಣ. ಹೆಸರು ಹಿಡಿದು ಒಂದು ಅಕೌಂಟ್‌ಗೆ ಕೊಟ್ಟ ಅನುಮತಿಯನ್ನು ಅದು ತಡೆಯುವುದಿಲ್ಲ. ಒಂದು ಸಂದರ್ಭ ಬಿಟ್ಟು. ಅದೇ ಪಾಲಿಸಿಯಲ್ಲಿ ಬೇರೆಲ್ಲೋ ಪ್ರಿನ್ಸಿಪಲ್ ಸ್ಟಾರ್ ಎಂದು ಷರತ್ತಿಲ್ಲದೆ ಬರೆದ ಅಲೌ ಸಾಲು ಇದ್ದರೆ, ಇಡೀ ಪಾಲಿಸಿ ಪಬ್ಲಿಕ್ ಎಂದು ಎಣಿಕೆಯಾಗುತ್ತದೆ. ಆಗ ‘ರಿಸ್ಟ್ರಿಕ್ಟ್ ಪಬ್ಲಿಕ್ ಬಕೆಟ್ಸ್’ ಆನ್ ಇದ್ದರೆ ಹೆಸರು ಹಿಡಿದು ಕೊಟ್ಟ ಹೊರಗಿನ ಅಕೌಂಟ್‌ಗೂ ಬಾಗಿಲು ಮುಚ್ಚುತ್ತದೆ. ಮದ್ದು ಆ ಸ್ಟಾರ್ ಸಾಲು ತೆಗೆಯುವುದು, ಬ್ಲಾಕ್ ಆಫ್ ಮಾಡುವುದಲ್ಲ.

ಲಾಗ್ ಏನು ಹೇಳುತ್ತದೆ

‘ಗೆಟ್‌ಆಬ್ಜೆಕ್ಟ್’ ಕರೆಗಳು ಎಡಬ್ಲ್ಯೂಎಸ್ ಕರೆಗಳ ದಾಖಲೆಯಾದ ಕ್ಲೌಡ್‌ಟ್ರೇಲ್‌ನಲ್ಲಿ ಸುಮ್ನೆ ಸಿಗುವುದಿಲ್ಲ. ಅವು ಡೇಟಾ ಈವೆಂಟ್, ಬೇರೆಯಾಗಿ ಆನ್ ಮಾಡಬೇಕು, ದುಡ್ಡೂ ಬೀಳುತ್ತದೆ. ಇದೊಂದೇ ಬಕೆಟ್‌ಗೆ, ಹುಡುಕಾಟ ಮುಗಿಯುವವರೆಗೆ ಆನ್ ಮಾಡಿದರೆ ಸಾಕು. ಕೆಎಂಎಸ್ ಕರೆಗಳು ಮಾತ್ರ ಈವೆಂಟ್ ಹಿಸ್ಟರಿಯಲ್ಲಿ ತಾವಾಗಿ ಬರುತ್ತವೆ, 90 ದಿನ ಇರುತ್ತವೆ. ಹಾಗಾಗಿ ನಾನು ಮೊದಲು ರಿಪೋರ್ಟ್ ಅಕೌಂಟ್‌ನಲ್ಲಿ ಡಿಕ್ರಿಪ್ಟ್ ಈವೆಂಟ್ ಹುಡುಕುತ್ತೇನೆ. ಅದು ದೋಷದೊಂದಿಗೆ ಕಂಡರೆ ಎಸ್3 ದಾಟಿ ಕೀ ಹತ್ತಿರ ನಿಂತಿದೆ. ಕೆಎಂಎಸ್ ಫೈಲಾಗಿದ್ದೂ ಅಂಥ ಈವೆಂಟ್ ಕಾಣದಿದ್ದರೆ ಬಹುಮಟ್ಟಿಗೆ ಎಸ್3 ಬಾಗಿಲಲ್ಲೇ ನಿಂತಿದೆ. ಈವೆಂಟ್ ಬರಲು ಕೆಲವು ನಿಮಿಷ ಹಿಡಿಯುತ್ತದೆ, ತಕ್ಷಣ ಕಾಣದಿದ್ದರೆ ಇಲ್ಲ ಎಂದು ತೀರ್ಮಾನಿಸಬೇಡಿ.

ಬಕೆಟ್ ಪಾಲಿಸಿ ಬಿಟ್ಟು ಇನ್ನೊಂದು ದಾರಿ

ಓದುವ ಅಕೌಂಟ್‌ಗಳು ಜಾಸ್ತಿಯಾಗುತ್ತಾ ಹೋದರೆ ಬಕೆಟ್ ಪಾಲಿಸಿ ಉದ್ದವಾಗುತ್ತದೆ, ಅದಕ್ಕೆ 20 ಕೆಬಿ ಮಿತಿಯೂ ಇದೆ. ಆಗ ಡೇಟಾ ಅಕೌಂಟ್‌ನಲ್ಲೇ ಒಂದು ರೋಲ್ ಮಾಡಿ, ರಿಪೋರ್ಟ್-ರೀಡರ್ ಅದನ್ನು ಅಸ್ಯೂಮ್ ಮಾಡಿಕೊಳ್ಳಲಿ, ಅಂದರೆ ತಾತ್ಕಾಲಿಕವಾಗಿ ಆ ಗುರುತು ಧರಿಸಲಿ. ಆಮೇಲೆ ಎಲ್ಲ ಒಂದೇ ಅಕೌಂಟ್‌ನ ವ್ಯವಹಾರ, ಒಡೆತನದ ಗೊಂದಲವೂ ಇಲ್ಲ. ಇಲ್ಲಿ ಕೈಕೊಡುವುದು ಎರಡು ಜಾಗದಲ್ಲಿ: ಡೇಟಾ ಅಕೌಂಟ್ ರೋಲಿನ ಟ್ರಸ್ಟ್ ಪಾಲಿಸಿ (ಆ ರೋಲನ್ನು ಯಾರು ಧರಿಸಬಹುದು ಎಂಬುದು), ರಿಪೋರ್ಟ್ ಕಡೆಯ ‘ಅಸ್ಯೂಮ್‌ರೋಲ್’ ಅನುಮತಿ. ಓದುವವರು ಹೊರಗಿನ ಕಂಪನಿಯಾಗಿದ್ದರೆ ಟ್ರಸ್ಟ್ ಪಾಲಿಸಿಯಲ್ಲಿ ಎಕ್ಸ್‌ಟರ್ನಲ್ ಐಡಿ (ನಿಮ್ಮೊಬ್ಬರಿಗೇ ನಿಗದಿಯಾದ ಗುರುತು) ಷರತ್ತು ಹಾಕಿ. ಆ ಕಂಪನಿಗೆ ಇನ್ನೂ ಹತ್ತು ಗ್ರಾಹಕರು ಇರುತ್ತಾರೆ. ಅವರಲ್ಲಿ ಒಬ್ಬರು ನಿಮ್ಮ ರೋಲ್ ಎಆರ್‌ಎನ್ ಕೊಟ್ಟು ನಿಮ್ಮ ಡೇಟಾ ತರಿಸಿಕೊಳ್ಳದಂತೆ ತಡೆಯುವುದು ಈ ಷರತ್ತೇ.

ಒಂದು ಅನನುಕೂಲ. ಒಂದು ಬಕೆಟ್‌ನಿಂದ ಇನ್ನೊಂದಕ್ಕೆ ನೇರ ಕಾಪಿ ಮಾಡುವಾಗ ಒಂದೇ ಗುರುತಿಗೆ ಎರಡೂ ಕಡೆಯ ಅನುಮತಿ ಇರಬೇಕು. ಡೇಟಾ ಅಕೌಂಟ್ ರೋಲಿಗೆ ರಿಪೋರ್ಟ್ ಅಕೌಂಟ್‌ನ ಬಕೆಟ್‌ಗೆ ಬರೆಯಲು ಆಗದಿದ್ದರೆ ಕಾಪಿ ನಿಲ್ಲುತ್ತದೆ. ಅಂಥ ಕೆಲಸಕ್ಕೆ ಬಕೆಟ್ ಪಾಲಿಸಿಯೇ ಲೇಸು.

ಸರಿಹೋದ ಮೇಲೆ

ಪಾಲಿಸಿ ಬದಲಿಸಿದ ಮರುಕ್ಷಣವೇ ಫಲ ಕಾಣದಿರಬಹುದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಓಡಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಕೆಲಸ ಆದ ಮೇಲೆ, ಹುಡುಕುವಾಗ ಸೇರಿಸಿದ ಸ್ಟಾರ್‌ಗಳನ್ನೂ ಡೇಟಾ ಈವೆಂಟ್ ಸೆಟ್ಟಿಂಗನ್ನೂ ತೆಗೆಯಿರಿ. ಐಎಎಂ ಆಕ್ಸೆಸ್ ಅನಲೈಸರ್ ಆನ್ ಮಾಡಿದರೆ ಹೊರಗಿನ ಯಾವ ಅಕೌಂಟ್‌ಗೆ ಯಾವ ಬಕೆಟ್ ತೆರೆದಿದೆ ಎಂದು ಪಟ್ಟಿ ಕೊಡುತ್ತದೆ. ಅದರಲ್ಲಿ ‘ಬಿಲ್-ಕಡತ’ದ ಎದುರು 444455556666 ಒಂದೇ ಇರಬೇಕು. ಕೊನೆಗೆ ರಿಪೋರ್ಟ್ ಅಕೌಂಟ್‌ನಲ್ಲೇ ಸಂಬಂಧವಿಲ್ಲದ ಬೇರೊಂದು ರೋಲಿನಿಂದ ಅದೇ ಫೈಲನ್ನು ಓದಲು ಪ್ರಯತ್ನಿಸಿ. ಅಲ್ಲಿ 403 ಬರಲೇಬೇಕು. ಬರದಿದ್ದರೆ ಕೆಲಸ ಇನ್ನೂ ಮುಗಿದಿಲ್ಲ, ಆ ರೋಲಿಗೆ ಅನುಮತಿ ಎಲ್ಲಿಂದ ಬಂತು ಎಂದು ಹುಡುಕಿ.